ಹನ್ನೊಂದಕ್ಕೂ ಮೊದಲಿನ ಹತ್ತು

ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲಿಕೆಯಲ್ಲಿ ‘ಕೃಷ್ಣ’ನ ಕ್ರಮಾಂಕ 11. ಅನಂತ ಪೈ ಸಂಪಾದಕತ್ವದಲ್ಲಿ ಬಂದ, ರಾಮ್ ವಾಯೀರ್ಕರ್ ಚಿತ್ರ ಬರೆದ ಈ ಪುಸ್ತಕದಿಂದಲೇ ಸಂಸ್ಥೆಯ ಕಥೆ ಶುರು ಮಾಡುವುದು ರೂಢಿ. ಹಾಗಾದರೆ ಅದಕ್ಕೆ ಹಿಂದಿನ ಹತ್ತು? ಅವು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದಿದ್ದವು.

ಆ ಹತ್ತರ ಹಿಂದೆ ಇದ್ದವರು ಜಿ.ಕೆ. ಅನಂತರಾಮ್. ಮುಂಬೈಯ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಪುಸ್ತಕ ಮಾರುವವರಿಗೆ ಯಾವುದು ಓಡುತ್ತದೆ, ಯಾವುದು ಕಪಾಟಿನಲ್ಲೇ ಕೂರುತ್ತದೆ ಎಂಬುದು ಬೇರೆಯವರಿಗಿಂತ ಮೊದಲು ತಿಳಿಯುತ್ತದೆ. ಕನ್ನಡದಲ್ಲಿ ಚಿತ್ರಕಥೆ ತಂದರೆ ಮಕ್ಕಳು ಓದುತ್ತಾರೆ ಎಂದು ಅವರಿಗೆ ಅನ್ನಿಸಿತು. ಸಿಂಡರೆಲಾ, ಅಲ್ಲಾದೀನ್, ಪಿನೋಕಿಯೊ, ಹಿಮಬಿಳುಪಿನ ಹುಡುಗಿ ಮತ್ತು ಏಳು ಕುಳ್ಳರು — ಕಥೆಗಳೇನೋ ಹೊರಗಿನವು, ಮಾತು ಮಾತ್ರ ನಮ್ಮದು. ಪುಸ್ತಕಗಳು ಚೆನ್ನಾಗಿಯೇ ಮಾರಾಟವಾದವು. ಆ ಯಶಸ್ಸು ಕಂಡ ಮೇಲೆಯೇ ಮುಂಬೈ ಕಚೇರಿ ಇಂಗ್ಲಿಷ್ ಮಾಲಿಕೆಗೆ ಮನಸ್ಸು ಮಾಡಿ ಅನಂತ ಪೈ ಅವರನ್ನು ಕರೆತಂದಿತು ಎಂದು ಅನಂತರಾಮ್ ಹೇಳಿಕೊಂಡಿದ್ದಾರೆ.

ಪೈ ಕೂಡ ನಮ್ಮ ಕಡೆಯವರೇ; 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕೆಲಸ ಮಾಡಿದ್ದರು. 1967ರಲ್ಲಿ ದೂರದರ್ಶನದ ಒಂದು ಕ್ವಿಜ್‌ನಲ್ಲಿ ಗ್ರೀಕ್ ದೇವತೆಗಳ ಹೆಸರು ಪಟಪಟನೆ ಹೇಳಿದ ಮಕ್ಕಳು ರಾಮನ ತಾಯಿ ಯಾರೆಂದರೆ ತಡವರಿಸಿದರು. ಅದೇ ತಮಗೆ ಪ್ರೇರಣೆ ಎಂದು ಪೈ ಹೇಳುತ್ತಿದ್ದರು. ಎರಡೂ ನೆನಪುಗಳು ನಿಜವೇ ಇರಬಹುದು. ಆದರೆ ಒಂದು ದೇಶವಿಡೀ ಹರಡಿತು, ಇನ್ನೊಂದು ಬೆಂಗಳೂರಿನಲ್ಲೇ ಉಳಿಯಿತು.

ಆರಂಭದ ಸಂಚಿಕೆಗಳಿಗೆ ಪೂರ್ಣ ವರ್ಣ ಹಾಕಿಸುವಷ್ಟು ಹಣವಿರಲಿಲ್ಲ. ಹಳದಿ, ನೀಲಿ, ಹಸಿರಿನಲ್ಲೇ ಕಾಡು, ಅರಮನೆ, ಯುದ್ಧ ಎಲ್ಲ ಮುಗಿಯಬೇಕು. ಹಲವು ಭಾಷೆಗಳಲ್ಲಿ ಬರುವ ಚಿತ್ರಕಥೆಗೆ ಬಣ್ಣದ ಅಚ್ಚು ಒಂದೇ ಸಾಕು, ಅಕ್ಷರವಿರುವ ಕಪ್ಪು ಅಚ್ಚನ್ನು ಭಾಷೆಗೆ ತಕ್ಕಂತೆ ಬದಲಿಸಿದರಾಯಿತು. ಖರ್ಚು ಉಳಿಯುವುದು ಅಲ್ಲೇ. ಆದರೆ ಇಂಗ್ಲಿಷಿಗೆಂದು ಬರೆದ ಮಾತಿನ ಗುಳ್ಳೆಯೊಳಗೆ ಕನ್ನಡ ಕೂರಿಸುವುದು ಸುಲಭವಲ್ಲ. ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಮೂರು ಸಾಲಿನ ಜಾಗದಲ್ಲಿ ಎರಡೇ ಹಿಡಿಯುತ್ತವೆ. ಅನುವಾದಕ ಮಾತನ್ನು ಮೊಟಕು ಮಾಡಲೇಬೇಕು.

ನಮ್ಮ ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರಿಗೆ ಈ ಚರಿತ್ರೆ ಯಾಕೆ? 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ಕಾಳಿ ನದಿ ದಂಡೆಯ ಬಿದಿರು ಕಾಗದವಾಯಿತು, ದಾಂಡೇಲಿಗೆ ನಾನಾ ಭಾಷೆಯ ಜನ ಬಂದರು. ಹಳಿಯಾಳದ ಎಷ್ಟೋ ಮನೆಗಳಲ್ಲಿ ಮರಾಠಿ, ಜೋಯಿಡಾದಲ್ಲಿ ಕೊಂಕಣಿ. 1966ರಿಂದ ಮುಂಡಗೋಡದಲ್ಲಿ ಟಿಬೆಟನ್ನರ ನೆಲೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಇಂಥ ಕಡೆ ಮಗು ಓದಿಗೆ ಇಳಿಯುವುದು ಚಿತ್ರ ನೋಡುತ್ತಲೇ. ಭೀಮನ ಗದೆ ಮೇಲೇಳುವುದು ಕಂಡ ಮೇಲೆ ಅವನ ಬಾಯಲ್ಲಿರುವ ಕನ್ನಡ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೊಗಳಿಕೆಯೊಂದರಿಂದಲೇ ಸ್ಮರಣೆ ಪೂರ್ತಿಯಾಗುವುದಿಲ್ಲ. ಈ ಪುಸ್ತಕಗಳಲ್ಲಿ ನಾಯಕರು ಬೆಳ್ಳಗೆ, ಅಸುರರು ಕಪ್ಪಗೆ ಎಂಬ ಟೀಕೆ ಹಳೆಯದು. ರಾಜರು, ಋಷಿಗಳು ತುಂಬಿರುವ ಪುಟಗಳಲ್ಲಿ ದುಡಿಯುವ ಜನ ಹಿನ್ನೆಲೆಯ ಗುಂಪಾಗಿಯೇ ಉಳಿದರು ಎಂಬ ಮಾತೂ ಇದೆ. ಸಿದ್ದಿ ಮಕ್ಕಳು, ಕುಣಬಿ ಮಕ್ಕಳು ಕೂರುವ ನಮ್ಮ ತರಗತಿಗಳಲ್ಲಿ ಈ ಟೀಕೆ ಪಂಡಿತರ ತಕರಾರಾಗಿ ಉಳಿಯುವುದಿಲ್ಲ. ಪುಟದ ರಾಕ್ಷಸನ ಬಣ್ಣ ಪಕ್ಕದ ಬೆಂಚಿನ ಗೆಳೆಯನ ಬಣ್ಣವೂ ಆದಾಗ ಮೇಷ್ಟ್ರು ಏನಾದರೂ ಹೇಳಲೇಬೇಕಾಗುತ್ತದೆ.

ಸಂಸ್ಥೆ 1980ರಲ್ಲಿ ‘ಟಿಂಕಲ್’ ಮಕ್ಕಳ ಪತ್ರಿಕೆ ಹೊರತಂದಿತು. 2007ರಲ್ಲಿ ಅಮರ ಚಿತ್ರ ಕಥೆ ಎಸಿಕೆ ಮೀಡಿಯಾದ ಕೈಸೇರಿತು. ಪೈ 2011ರ ಫೆಬ್ರವರಿ 24ರಂದು ತೀರಿಕೊಂಡರು. ಅಷ್ಟರಲ್ಲಿ ಮಾಲಿಕೆಯ ಶೀರ್ಷಿಕೆಗಳು 400 ದಾಟಿದ್ದವು. ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯ, ಟಿಪ್ಪು ಎಲ್ಲರೂ ಅದರಲ್ಲಿ ಸೇರಿದ್ದರು.

ಕನ್ನಡದ ಆ ಹತ್ತಕ್ಕೆ ಈಗ ಅರವತ್ತು ವರ್ಷ ದಾಟಿದೆ. ಅನಂತರಾಮ್ ದೊಡ್ಡ ಭಾಷೆಯ ಒಪ್ಪಿಗೆಗೆ ಕಾಯಲಿಲ್ಲ; ತಮ್ಮ ಊರಿನ ಓದುಗರನ್ನು ನಂಬಿದರು. ಆಗ ಹೊರಗಿನ ಕಥೆಗೆ ಕನ್ನಡದ ಮಾತು ಸಿಕ್ಕಿತು. ಈಗ ಇಲ್ಲಿನ ಕಥೆಗೆ ಚಿತ್ರ ಸಿಗಬೇಕು. ಸಿದ್ದಿಯರ ಡಮಾಮಿ ಕುಣಿತ, ಕುಣಬಿಯರ ಗೆಡ್ಡೆಗೆಣಸಿನ ಕೃಷಿ, ಅಣೆಕಟ್ಟುಗಳಿಗಾಗಿ ಊರು ಬಿಟ್ಟ ಕಾಳಿ ಕಣಿವೆಯವರ ಬದುಕು — ಒಂದೊಂದಕ್ಕೂ 32 ಪುಟ ತುಂಬುವಷ್ಟು ಸರಕಿದೆ. ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರು ನಮ್ಮ ಶಾಲೆಗಳಲ್ಲೇ ಇದ್ದಾರೆ. ಬೇಕಿರುವುದು, ಇದು ಮಾರಾಟವಾಗುತ್ತದೆ ಎಂದು ನಂಬಿ ಕೈಯಿಂದ ಹಣ ಹಾಕುವ ಒಬ್ಬ ಪುಸ್ತಕ ವ್ಯಾಪಾರಿ.