ವರ್ಜೀನಿಯದ ಕಡತಗಳಲ್ಲಿ ಒಂದು ಮನೆತನ

ಮನೆತನದ ಮೂಲವನ್ನು ಅರಸುವಾಗ ನಾವು ಮೊದಲು ತರವಾಡು ಮನೆಯ ಹಿರಿಯರನ್ನು ಕೇಳುತ್ತೇವೆ, ಅನಂತರ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ತೆರೆಯುತ್ತೇವೆ. ಬಾಯಿಮಾತು ತಪ್ಪಿದರೂ ಮೂಲಗೇಣಿಯ ಚೀಟು ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಅಟ್ಲಾಂಟಿಕದ ಆಚೆಯ ವರ್ಜೀನಿಯದಲ್ಲಿ ಹದಿನೇಳನೆಯ ಶತಮಾನದ ಪೂರ್ವಿಕನೊಬ್ಬನನ್ನು ಹುಡುಕುವವರಿಗೂ ಇದೇ ದಾರಿ. 1607ರಲ್ಲಿ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದ ಆಂಗ್ಲರ ಆ ವಸಾಹತಿನಲ್ಲಿ ಹುಟ್ಟು, ಮದುವೆ, ಮರಣಗಳನ್ನು ಬರೆದಿಟ್ಟ ಚರ್ಚಿನ ಪುಸ್ತಕಗಳಲ್ಲಿ ಬಹುಪಾಲು ಉಳಿದಿಲ್ಲ. ಉಳಿದಿರುವುದು ಭೂಮಿಯ ಪಟ್ಟೆ ಮತ್ತು ನ್ಯಾಯಾಲಯದ ದಿನವಹಿ. ಅಳಿಸಿಹೋಗಬೇಕಾಗಿದ್ದ ಒಂದು ಮನೆತನವನ್ನು ಈ ಎರಡರ ಬಲದಿಂದ ಇತಿಹಾಸಕಾರರು ಹೇಗೆ ಮರಳಿ ಕಂಡರೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಅಲ್ಲಿ ಕಡತಗಳಿಗೂ ಒಂದು ದುರ್ವಿಧಿಯಿದೆ. ಅಂತರ್ಯುದ್ಧದ ಕಾಲದಲ್ಲಿ ಹಲವು ಕೌಂಟಿಗಳು ತಮ್ಮ ಪುಸ್ತಕಗಳನ್ನು ಸುರಕ್ಷಿತವಾಗಿರಲೆಂದು ರಿಚ್‌ಮಂಡ್ ನಗರಕ್ಕೆ ಸಾಗಿಸಿದವು. 1865ರ ಏಪ್ರಿಲ್ 3ರಂದು ಆ ನಗರವೇ ಹೊತ್ತಿ ಉರಿಯಿತು; ಕಾಪಾಡಲೆಂದು ಕಳುಹಿಸಿದ್ದೇ ಬೂದಿಯಾಯಿತು. ಇಂಥವನ್ನು ಅಲ್ಲಿನವರು ಇಂದಿಗೂ ‘ಸುಟ್ಟ ಕೌಂಟಿ’ಗಳೆಂದೇ ಕರೆಯುತ್ತಾರೆ. ಆದರೆ ಚೆಸಪೀಕ್ ಕೊಲ್ಲಿಯ ಪೂರ್ವದ ದಡದಲ್ಲಿರುವ ನಾರ್ಥಾಂಪ್ಟನ್ ಕೌಂಟಿಯ ನ್ಯಾಯಾಲಯದ ದಾಖಲೆಗಳು 1632ರಿಂದ ಅವಿಚ್ಛಿನ್ನವಾಗಿ ಉಳಿದು ಬಂದಿವೆ. ನಮ್ಮ ಕಥೆ ನಡೆಯುವುದು ಅಲ್ಲಿಯೇ.

ಮೊದಲು ಭೂಮಿಯ ವಿಚಾರ. ವಸಾಹತಿಗೆ ಜನ ಬೇಕಾಗಿತ್ತು. ಹೊಗೆಸೊಪ್ಪಿನ ಬೇಸಾಯಕ್ಕೆ ಕೈಗಳು ಬೇಕಾಗಿದ್ದವು. ಆದುದರಿಂದ ಒಬ್ಬ ಮನುಷ್ಯನ ಹಡಗಿನ ಖರ್ಚನ್ನು ಯಾರು ಕೊಟ್ಟರೋ ಅವರಿಗೆ ತಲೆಯೊಂದಕ್ಕೆ 50 ಎಕರೆ ಭೂಮಿ ಎಂಬ ಕಟ್ಟಳೆ 1618ರಿಂದ ಬಂದಿತು. ಇದನ್ನು ತಲೆಹಕ್ಕು ಎನ್ನಬಹುದು. ಪಟ್ಟೆಯನ್ನು ಬರೆಯುವಾಗ ಯಾವ ಯಾವ ತಲೆಗಳ ಲೆಕ್ಕದಲ್ಲಿ ಈ ಭೂಮಿ ಎಂದು ಹೆಸರುಗಳನ್ನೂ ಬರೆಯುತ್ತಿದ್ದರು. ಒಡೆಯನಿಗಾಗಿ ಬರೆದ ಪತ್ರದಲ್ಲಿ ಆಳಿನ ಹೆಸರು ಹೀಗೆ ತಾನಾಗಿ ಉಳಿಯಿತು. ಈ ಪಟ್ಟೆಗಳು ಇಂದು ರಿಚ್‌ಮಂಡಿನ ರಾಜ್ಯ ಗ್ರಂಥಾಲಯದಲ್ಲಿವೆ. ನೆಲ್ ಮೇರಿಯನ್ ನುಜೆಂಟ್ ಎಂಬ ಮಹಿಳೆ ಅವುಗಳ ಸಾರವನ್ನು ಸಂಗ್ರಹಿಸಿ 1934ರಲ್ಲಿ ಮೊದಲ ಸಂಪುಟವನ್ನು ಹೊರತಂದರು. 1635ರಲ್ಲಿ ಜಾರ್ಜ್ ಮೆನೆಫೈ ಎಂಬ ವರ್ತಕನು ತಲೆಹಕ್ಕಿಗಾಗಿ ತೋರಿಸಿದ ಹೆಸರುಗಳ ನಡುವೆ ‘ಪೂರ್ವ ಇಂಡಿಯಾದ ಟೋನಿ’ ಎಂಬುದೊಂದಿದೆ. ನಮ್ಮ ಕಡೆಯವನೊಬ್ಬ ಅಷ್ಟು ಹಿಂದೆಯೇ ಆ ನೆಲವನ್ನು ಮೆಟ್ಟಿದ್ದನೆಂಬುದಕ್ಕೆ ಇಷ್ಟೇ ಸಾಕ್ಷಿ, ಒಂದು ಸಾಲು. ಅವನ ತಾಯಿ ಇಟ್ಟ ಹೆಸರು ಟೋನಿಯಾಗಿರಲಾರದು.

ತಲೆಹಕ್ಕನ್ನು ಓದುವಾಗ ಒಂದು ಎಚ್ಚರ ಅಗತ್ಯ. ಆ ಹಕ್ಕು ಮಾರಾಟದ ವಸ್ತುವಾಗಿತ್ತು, ಒಬ್ಬರಿಂದೊಬ್ಬರಿಗೆ ಕೈದಾಟುತ್ತಿತ್ತು. ಹಾಗಾಗಿ ಪಟ್ಟೆಯ ವರ್ಷವೇ ಆ ಮನುಷ್ಯ ಬಂದಿಳಿದ ವರ್ಷವೆಂದು ಹೇಳುವಂತಿಲ್ಲ.

ಇನ್ನು ಮನೆತನದ ಮಾತು. 1625ರ ಜನಗಣತಿಯಲ್ಲಿ, ಬೆನೆಟ್ ಎಂಬ ವರ್ತಕನ ತೋಟದಲ್ಲಿ, ‘ಆಂಟೋನಿಯೊ, ನೀಗ್ರೊ’ ಎಂಬವನು 1621ರಲ್ಲಿ ‘ಜೇಮ್ಸ್’ ಹಡಗಿನಲ್ಲಿ ಬಂದನೆಂದೂ, ‘ಮೇರಿ’ ಎಂಬ ನೀಗ್ರೊ ಹೆಂಗಸು 1622ರಲ್ಲಿ ‘ಮಾರ್ಗರೆಟ್ ಅಂಡ್ ಜಾನ್’ ಹಡಗಿನಲ್ಲಿ ಬಂದಳೆಂದೂ ಬರೆದಿದೆ. 1622ರ ಮಾರ್ಚ್ 22ರಂದು ಮೂಲನಿವಾಸಿಗಳು ನಡೆಸಿದ ದಾಳಿಯಲ್ಲಿ ಆ ತೋಟದಲ್ಲಿಯೇ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ಆಂಟೋನಿಯೊ ಬದುಕುಳಿದವರಲ್ಲೊಬ್ಬ. ಅನಂತರ ಬಹು ವರ್ಷ ಮೌನ. 1651ರಲ್ಲಿ ಕೊಲ್ಲಿಯ ಆಚೆ, ನಾರ್ಥಾಂಪ್ಟನಿನಲ್ಲಿ, ಆಂಥೊನಿ ಜಾನ್ಸನ್ ಎಂಬ ಕರಿಯ ಕೃಷಿಕನಿಗೆ ಐದು ತಲೆಗಳ ಲೆಕ್ಕದಲ್ಲಿ 250 ಎಕರೆಯ ಪಟ್ಟೆ ದೊರೆಯುತ್ತದೆ. ಅವನ ಹೆಂಡತಿಯ ಹೆಸರು ಮೇರಿ.

ಹೆಸರು ಹೊಂದಿತೆಂದ ಮಾತ್ರಕ್ಕೆ ಆ ಆಂಟೋನಿಯೊನೇ ಈ ಆಂಥೊನಿಯೆಂದು ಹೇಳಬಹುದೇ? ಇಲ್ಲಿ ನೆರವಿಗೆ ಬರುವುದು ನ್ಯಾಯಾಲಯದ ಒಂದು ಆದೇಶ. ಬೆಂಕಿಯ ಅನಾಹುತದಿಂದ ಜಾನ್ಸನ್ ಕುಟುಂಬ ನಷ್ಟಕ್ಕೀಡಾದಾಗ ಪರಿಹಾರವನ್ನು ಬೇಡಿ ಅರ್ಜಿ ಬಂತು. ಆ ವಸಾಹತಿನಲ್ಲಿ ಬಿಳಿಯ ಹೆಂಗಸರಿಗೆ ತಲೆಗಂದಾಯವಿರಲಿಲ್ಲ. 1643ರ ಕಾನೂನು ಆಫ್ರಿಕದ ಹೆಂಗಸರ ಮೇಲೆ ಮಾತ್ರ ಅದನ್ನು ಹೇರಿತ್ತು. ನ್ಯಾಯಾಲಯವು ಮೇರಿಗೂ ಆಕೆಯ ಇಬ್ಬರು ಹೆಣ್ಣುಮಕ್ಕಳಿಗೂ ಜೀವಮಾನಪರ್ಯಂತ ಕಂದಾಯವನ್ನು ಮನ್ನಾ ಮಾಡಿತು. ಕಾರಣವನ್ನು ಹೇಳುವಾಗ, ಈ ದಂಪತಿಗಳು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವರ್ಜೀನಿಯದ ನಿವಾಸಿಗಳೆಂದೂ, ಶ್ರಮಜೀವಿಗಳೆಂದೂ ಗುಮಾಸ್ತನು ಬರೆದ. ಆದೇಶದ ದಿನಾಂಕ 1652ರ ಫೆಬ್ರವರಿ 28. ಆದರೆ ಆಗ ಇಂಗ್ಲಿಷರ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. 1752ರವರೆಗೂ ಅದೇ ಪದ್ಧತಿ. ನಮ್ಮ ಲೆಕ್ಕಕ್ಕೆ ಅದು 1653. ಅದರಿಂದ ಮೂವತ್ತನ್ನು ಕಳೆದರೆ 1623. ‘ಮೇಲ್ಪಟ್ಟು’ ಎಂದುದರಿಂದ ಅದಕ್ಕೂ ಹಿಂದೆ. ಗಣತಿಯ 1621 ಮತ್ತು 1622ರೊಂದಿಗೆ ಲೆಕ್ಕ ಕೂಡುತ್ತದೆ. ಅಷ್ಟು ಹಿಂದೆ ಬಂದ ಆಫ್ರಿಕನರು ಬೆರಳೆಣಿಕೆಯವರಾದುದರಿಂದ ಈ ಕೊಂಡಿಯನ್ನು ಇತಿಹಾಸಕಾರರು ಒಪ್ಪಿದ್ದಾರೆ. ಗಣಿತದ ಉಪಾಧ್ಯಾಯರಿಗೂ ಸಮ್ಮತವಾಗುವ ವಾದವೆಂದು ನಾವು ಭಾವಿಸುತ್ತೇವೆ.

ಎರಡು ವರ್ಷಗಳ ಅನಂತರದ ದಾವೆಯೊಂದು ಓದುಗರನ್ನು ಕಳವಳಗೊಳಿಸುವಂಥದು. ಜಾನ್ಸನನ ಬಳಿ ಜಾನ್ ಕೇಸರ್ ಎಂಬ ಕರಿಯ ಆಳಿದ್ದ. ತಾನು ಬಂದುದು ಏಳೆಂಟು ವರ್ಷಗಳ ಕರಾರಿನ ಮೇಲೆ, ಅವಧಿ ಎಂದೋ ಮುಗಿದಿದೆ ಎಂದು ಅವನ ದೂರು. ನೆರೆಯ ಬಿಳಿಯನಾದ ರಾಬರ್ಟ್ ಪಾರ್ಕರ್ ಅವನನ್ನು ತನ್ನಲ್ಲಿ ಇರಿಸಿಕೊಂಡ. ಜಾನ್ಸನ್ ದಾವೆ ಹೂಡಿದ. 1655ರ ಮಾರ್ಚಿನಲ್ಲಿ ನ್ಯಾಯಾಲಯವು ಕೇಸರನನ್ನು ಜಾನ್ಸನನಿಗೆ ಮರಳಿಸುವಂತೆ ತೀರ್ಪಿತ್ತಿತು. ಖರ್ಚನ್ನು ಪಾರ್ಕರನ ಮೇಲೆ ಹೊರಿಸಿತು. ಅಪರಾಧವೇನನ್ನೂ ಮಾಡದವನೊಬ್ಬನನ್ನು ಜೀವಮಾನದ ಆಳೆಂದು ವರ್ಜೀನಿಯದ ನ್ಯಾಯಾಲಯವೊಂದು ಒಪ್ಪಿದ ಮೊದಮೊದಲ ತೀರ್ಪುಗಳಲ್ಲಿ ಇದೊಂದು. ಇದನ್ನು ಹಿಡಿದುಕೊಂಡು ಗುಲಾಮಗಿರಿಯ ಹೊಣೆಯನ್ನೇ ಕರಿಯನ ತಲೆಗೆ ಕಟ್ಟುವವರಿದ್ದಾರೆ. ಅದು ಇತಿಹಾಸವಲ್ಲ, ವಕೀಲಿ. ಜಾನ್ಸನನ ನಡತೆಯನ್ನು ಬಿಳುಪಾಗಿಸುವ ಅಗತ್ಯವೂ ನಮಗಿಲ್ಲ. ಕಡತ ಎರಡನ್ನೂ ಹೇಳುತ್ತದೆ: ಕರಿಯನೊಬ್ಬ ಬಿಳಿಯನ ಮೇಲೆ ದಾವೆ ಹೂಡಿ ಗೆಲ್ಲಬಹುದಾಗಿತ್ತು, ಗೆದ್ದುದು ಇನ್ನೊಬ್ಬ ಕರಿಯನ ಬಿಡುಗಡೆಯನ್ನು ಕಸಿದು.

1665ರ ಹೊತ್ತಿಗೆ ಕುಟುಂಬವು ಭೂಮಿಯ ಬಹುಭಾಗವನ್ನು ಮಾರಿ, ಗಡಿ ದಾಟಿ, ಮೇರಿಲ್ಯಾಂಡಿನ ಸಾಮರ್ಸೆಟ್ ಕೌಂಟಿಗೆ ಹೋಯಿತು. ವರ್ಜೀನಿಯದ ಪುಸ್ತಕಗಳನ್ನಷ್ಟೇ ನೋಡುವವರಿಗೆ ಕಥೆ ಇಲ್ಲಿಗೆ ಮುಗಿದಂತೆ ತೋರುತ್ತದೆ. ಅದೂ ಸಾಲದೆಂಬಂತೆ, 1663ರ ಸುಮಾರಿಗೆ ನಾರ್ಥಾಂಪ್ಟನನ್ನೇ ಒಡೆದು ಉತ್ತರ ಭಾಗವನ್ನು ಅಕೊಮ್ಯಾಕ್ ಕೌಂಟಿಯಾಗಿಸಿದ್ದರು. ಮನೆ ಇದ್ದಲ್ಲೇ ಇದ್ದು ಕಚೇರಿ ಬದಲಾಗುವುದೆಂದರೇನೆಂದು 1956ರ ನವೆಂಬರ್ 1ನ್ನು ಕಂಡ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡೆ ಮೂರು ಕಚೇರಿಗಳ ಪುಸ್ತಕಗಳನ್ನೂ ಒಟ್ಟಿಗಿಟ್ಟು ಓದಬೇಕು.

ಸಾಮರ್ಸೆಟಿನಲ್ಲಿ ಜಾನ್ಸನ್ 300 ಎಕರೆಯನ್ನು ಗೇಣಿಗೆ ಹಿಡಿದ. ಆ ಸ್ಥಳ ‘ಟೋನಿಯ ದ್ರಾಕ್ಷಿತೋಟ’ ಎಂದು ದಾಖಲಾಗಿದೆ. 1670ರ ವೇಳೆಗೆ ಅವನು ತೀರಿಕೊಂಡ. ವಿಧವೆ ಮೇರಿ ಗೇಣಿಯನ್ನು 99 ವರ್ಷಗಳ ಅವಧಿಗೆ ಉಳಿಸಿಕೊಂಡಳು. ನಮ್ಮ ಮೂಲಗೇಣಿಯಂತೆ ಶಾಶ್ವತವಲ್ಲದಿದ್ದರೂ ಮೊಮ್ಮಕ್ಕಳ ಕಾಲಕ್ಕೆ ಸಾಕಾಗುವಷ್ಟು ದೀರ್ಘ. ಆದರೆ ಅದೇ 1670ರಲ್ಲಿ, ವರ್ಜೀನಿಯದಲ್ಲಿ ಮಗ ರಿಚರ್ಡನಿಗೆಂದು ಬಿಟ್ಟುಹೋಗಿದ್ದ 50 ಎಕರೆಯ ಪ್ರಶ್ನೆ ಜ್ಯೂರಿಯ ಮುಂದೆ ಬಂತು. ಆಂಥೊನಿ ಜಾನ್ಸನ್ ನೀಗ್ರೊ, ಆದ ಕಾರಣ ಪರದೇಶಿ. ಅವನ ಭೂಮಿ ಸರಕಾರಕ್ಕೆ ಸೇರತಕ್ಕದ್ದು ಎಂದು ಅವರು ನಿರ್ಣಯಿಸಿದರು. ಹದಿನೇಳು ವರ್ಷಗಳ ಹಿಂದೆ ‘ನಿವಾಸಿಗಳು’ ಎಂದು ಬರೆದುಕೊಟ್ಟದ್ದೂ ಆ ದಡದ ನ್ಯಾಯಾಲಯವೇ. ಇಂಗ್ಲಿಷ್ ಕಾನೂನಿನ ಪ್ರಕಾರ ಪರದೇಶಿಯ ಭೂಮಿ ವಾರಸುದಾರನಿಗೆ ಇಳಿಯುವುದಿಲ್ಲ. ಪಟ್ಟೆ ಇತ್ತು, ಬೇಸಾಯವಿತ್ತು, ಮಗನೂ ಇದ್ದ.

ಕಡತದ ಜಾಡು ಇನ್ನೂ ಮುಂದುವರಿಯುತ್ತದೆ. 1672ರಲ್ಲಿ ಮೇರಿ ತನ್ನ ಮೊಮ್ಮಕ್ಕಳಿಗೆ ಹಸುಗಳನ್ನು ಬರೆದುಕೊಟ್ಟಳು; ಅವುಗಳ ಸಂತತಿಯೂ ಆ ಮಕ್ಕಳದೇ. ವಂಶವೃಕ್ಷದ ಮೂರನೆಯ ತಲೆಮಾರನ್ನು ಖಚಿತವಾಗಿ ಜೋಡಿಸಿಕೊಡುವುದು ಈ ದಾನಪತ್ರ. ಐದು ವರ್ಷಗಳ ಮೇಲೆ, 1677ರಲ್ಲಿ, ಮೊಮ್ಮಗ ಜಾನ್ ಜಾನ್ಸನ್ ಮೇರಿಲ್ಯಾಂಡಿನಲ್ಲಿ 44 ಎಕರೆಯನ್ನು ಕೊಂಡ. ಅಲ್ಲಿ ಪ್ರತಿಯೊಂದು ಹಿಡುವಳಿಗೂ ಒಂದು ಹೆಸರಿಟ್ಟು ನೋಂದಾಯಿಸುವ ವಾಡಿಕೆಯಿತ್ತು. ಅಜ್ಜನ ಹುಟ್ಟೂರನ್ನು ಗಣತಿಯವನು ಬರೆದುಕೊಂಡಿರಲಿಲ್ಲ, ಪಟ್ಟೆಯ ಗುಮಾಸ್ತನೂ ಬರೆದುಕೊಂಡಿರಲಿಲ್ಲ. ಮೊಮ್ಮಗ ಆ 44 ಎಕರೆಗೆ ಇಟ್ಟ ಹೆಸರು ‘ಅಂಗೋಲಾ’.