ನಾಲ್ಕು ದಿನದ ಮದುವೆಯೂ ಎರಡು ನಾಡಿನ ಬೀಗರೂ

ಇತ್ತೀಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಂದ ಬರುವ ಮದುವೆಯ ಕರೆಯೋಲೆಗಳ ಸ್ವರೂಪವೇ ಬದಲಾಗಿದೆ. ಹಿಂದೆ ಒಂದು ದಿನಾಂಕ, ಒಂದು ಮುಹೂರ್ತ, ಒಂದು ಸಭಾಭವನದ ಹೆಸರು ಇದ್ದರೆ ಸಾಕಾಗುತ್ತಿತ್ತು. ಈಗ ಮೂರು ದಿನಗಳ ಕಾರ್ಯಕ್ರಮದ ಪಟ್ಟಿಯೇ ಇರುತ್ತದೆ. ವಧು ಪಂಜದವಳಾದರೆ ವರ ಪಂಜಾಬಿನವನು! ಇಬ್ಬರೂ ಬೆಂಗಳೂರಿನಲ್ಲಿ ಉದ್ಯೋಗಿಗಳು. ಮದುವೆಗೆ ಮಾತ್ರ ಊರಿನ ತೋಟದ ಮನೆಯೇ ಆಗಬೇಕು. ಇದಕ್ಕೆ ‘ಡೆಸ್ಟಿನೇಷನ್ ವೆಡ್ಡಿಂಗ್’ ಎಂದು ಹೆಸರು. ನನ್ನ ಓರಗೆಯ ಹಿರಿಯರು ಇದನ್ನು ಕಂಡು “ಕಾಲ ಕೆಟ್ಟಿತು” ಎನ್ನುತ್ತಾರೆ. ಕಿರಿಯರು ತಾವೇ ಹೊಸತೊಂದನ್ನು ಕಂಡುಹಿಡಿದೆವೆಂದು ಭಾವಿಸುತ್ತಾರೆ. ಪುತ್ತೂರು, ಸುಳ್ಯ, ಕಡಬಗಳ ಸೀಮೆಯ ಚರಿತ್ರೆಯನ್ನು ತುಸು ಬಲ್ಲವರಿಗೆ ಈ ಎರಡು ಅಭಿಪ್ರಾಯಗಳೂ ಸರಿಯೆನಿಸಲಾರವು.

ಹಲವು ದಿನಗಳ ಮದುವೆ ನಮ್ಮಲ್ಲಿ ಹೊಸತಲ್ಲ. ವಿವಾಹವಾದ ದಂಪತಿ ಮೂರು ರಾತ್ರಿ ವ್ರತಸ್ಥರಾಗಿದ್ದು ಬಳಿಕ ಚತುರ್ಥೀಕರ್ಮವನ್ನು ಆಚರಿಸಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ಆದ್ದರಿಂದ ನಮ್ಮ ಹವ್ಯಕ ಮನೆಗಳಲ್ಲಿ ಮದುವೆಯೆಂದರೆ ನಾಲ್ಕು ದಿನಗಳ ಅನುಪತ್ಯ. ನಾಂದಿ, ದಿಬ್ಬಣವನ್ನು ಎದುರುಗೊಳ್ಳುವುದು, ಧಾರೆ, ಲಾಜಾಹೋಮ, ಸಪ್ತಪದಿ, ರಾತ್ರಿ ಅರುಂಧತೀ ದರ್ಶನ, ಉರುಟಣೆಯ ಹಾಡು ಹಾಸ್ಯಗಳು, ಕೊನೆಗೆ ಚತುರ್ಥಿ. ನಡುವೆ ಬಿಡುವಾದಾಗ ತಾಳಮದ್ದಳೆ. ಯಾವುದಕ್ಕೂ ಅವಸರವಿರಲಿಲ್ಲ.

ಊರಿಂದೂರಿಗೆ ಹೋಗುವುದೂ ಹೊಸತಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ದಿಬ್ಬಣವು ನೇತ್ರಾವತಿಯನ್ನೋ ಕುಮಾರಧಾರೆಯನ್ನೋ ಪಯಸ್ವಿನಿಯನ್ನೋ ದೋಣಿಯಲ್ಲಿ ದಾಟಿ, ಗುಡ್ಡದ ದಾರಿಯಲ್ಲಿ ನಡೆದು ಬರಬೇಕಿತ್ತು. ಹಾಗೆ ಬಂದವರನ್ನು ಒಂದು ಊಟ ಹಾಕಿ ಕಳುಹಿಸುವಂತಿರಲಿಲ್ಲ. ಬಂದೊಡನೆ ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು, ತಂಗಲು ನೆರೆಮನೆಗಳಲ್ಲಿ ಬಿಡಾರ. ಮದುವೆಗಳು ಹೆಚ್ಚಾಗಿ ಬೇಸಗೆಯಲ್ಲೇ ನಡೆಯುತ್ತಿದ್ದುದಕ್ಕೂ ಕಾರಣವಿತ್ತು. ಕೊಯ್ದ ಅಡಿಕೆ ಅಂಗಳದಲ್ಲಿ ನಲವತ್ತು ದಿನಕ್ಕೂ ಮಿಕ್ಕಿ ಒಣಗಬೇಕು. ಅದು ಎದ್ದ ಮೇಲೆ ತಾನೇ ಅಂಗಳದಲ್ಲಿ ಚಪ್ಪರ ಏಳುವುದು, ಕೈಯಲ್ಲಿ ನಾಲ್ಕು ಕಾಸು ಓಡಾಡುವುದು!

ಇಷ್ಟೆಲ್ಲ ಕೆಲಸವನ್ನು ಮಾಡುತ್ತಿದ್ದವರು ಯಾರು? ಒಬ್ಬೊಬ್ಬರಿಗೆ ಒಂದೊಂದು ಹೊಣೆಯಿತ್ತು. ಹೇಳಿಕೆಗೆ ಹೋಗುವವರು ಬೇರೆ, ಅಡಕೆ ಮರದ ಕಂಬ ನೆಟ್ಟು ಮಡಲು ಹೊದೆಸುವವರು ಬೇರೆ, ಹಿಂದಿನ ರಾತ್ರಿ ಮೆಟ್ಟುಕತ್ತಿ, ಹೆರೆಮಣೆಗಳ ಮುಂದೆ ಕೂರುವವರು ಬೇರೆ. ಇವರೆಲ್ಲರ ಮೇಲೆ ಕಣ್ಣಿಟ್ಟು ಬಡಿಸುವ ತನಕ ನಡೆಸಿಕೊಡುವ ಕೆಲಸಕ್ಕೆ ‘ಸುದರಿಕೆ’ ಎನ್ನುತ್ತೇವೆ. ಮದುವೆಯ ಯಜಮಾನ ನಿಶ್ಚಿಂತೆಯಿಂದ ಬೀಗರೊಡನೆ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದುದು ಈ ಸುದರಿಕೆಯವರ ಬಲದಿಂದ.

ಸುಳ್ಯ ಸೀಮೆಯ ಅರೆಭಾಷೆ ಗೌಡರ ಮದುವೆಗಳಿಗೂ ಇದೇ ವಿಸ್ತಾರವಿತ್ತು. ವೀಳ್ಯಶಾಸ್ತ್ರದಿಂದ ಮೊದಲ್ಗೊಂಡು ಚಪ್ಪರ, ಮದರಂಗಿ, ದಿಬ್ಬಣ, ಸೋಬಾನೆ ಹಾಡುಗಳವರೆಗೆ ಎಲ್ಲವೂ ಊರುಗೌಡರ ಸಮ್ಮುಖದಲ್ಲಿ ನಡೆಯಬೇಕು. ಬಂಟರಲ್ಲಿ ಗುರಿಕಾರರು ಮುಂದಾಗುತ್ತಿದ್ದರು. ನಮ್ಮಲ್ಲಿ ಪುರೋಹಿತರಿಗೆ ಇರುವ ಸ್ಥಾನ ಅವರಲ್ಲಿ ಸಮುದಾಯದ ಹಿರಿಯರಿಗೆ ಇತ್ತು. ಆದರೂ ಒಂದು ಅಂಶ ಗಮನಾರ್ಹ. ಮಂತ್ರವಿರಲಿ, ಇಲ್ಲದಿರಲಿ, ಸೇರಿಸಿದ ಕೈಗಳ ಮೇಲೆ ನೀರೆರೆಯುವ ಧಾರೆ ಈ ಎಲ್ಲರಿಗೂ ಸಮಾನವಾದುದು. ತುಳುವಿನಲ್ಲಂತೂ ಮದುವೆಗೆ ಧಾರೆಯೆಂದೂ ಹೇಳುವುದುಂಟು.

ಮದುವೆಯ ಚಪ್ಪರದ ಬಲವೇನೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದಾಗ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದನ್ನೇ ಕೊಡಬೇಕಾಗಿ ಬಂತು. ಅದರಿಂದ ಹುಟ್ಟಿದ ಸಿಟ್ಟು 1837ರಲ್ಲಿ ದಂಗೆಯಾಯಿತು. ಕೆದಂಬಾಡಿ ರಾಮಯ್ಯ ಗೌಡರು ಮಗನ ಮದುವೆಯ ನೆಪದಲ್ಲಿ ಉಬರಡ್ಕ ಮಿತ್ತೂರಿನ ಮದುವೆಗದ್ದೆಯಲ್ಲಿ ಜನರನ್ನು ಕೂಡಿಸಿದರೆಂಬುದು ಸುಳ್ಯದ ಮನೆಮನೆಯ ಐತಿಹ್ಯ. ಅಲ್ಲಿಂದ ಹೊರಟವರು ಬೆಳ್ಳಾರೆಯ ಖಜಾನೆಯನ್ನು ಹಿಡಿದರು. ಏಪ್ರಿಲ್ 5ರಂದು ಮಂಗಳೂರನ್ನೇ ವಶಪಡಿಸಿಕೊಂಡು ಹದಿಮೂರು ದಿನ ಇಟ್ಟುಕೊಂಡರು. ನೂರಾರು ಜನ ದಿನಗಟ್ಟಲೆ ಒಂದೆಡೆ ಸೇರಿದರೂ ಸರಕಾರಕ್ಕೆ ಸಂಶಯ ಬಾರದಂಥ ಸಂದರ್ಭ ಅಂದು ಮದುವೆಯೊಂದೇ ಆಗಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಚಪ್ಪರ ಒಂದೇ ಆದರೂ ಊಟದ ಪಂಕ್ತಿಗಳು ಜಾತಿಗೊಂದರಂತೆ ಬೇರೆಬೇರೆ. ಚಪ್ಪರ ಹಾಕಿದವನೇ ಅದರ ಹೊರಗೆ ಉಣ್ಣಬೇಕಿತ್ತು. ಮದುಮಗಳೋ ಇನ್ನೂ ಆಟವಾಡುವ ಮಗು. ಮನೆಯ ವಿಧವೆಯರು ನಾಲ್ಕು ದಿನವೂ ಒಳಗೆ ದುಡಿಯುತ್ತಿದ್ದರು. ಮುಹೂರ್ತದ ಹೊತ್ತಿನಲ್ಲಿ ಮಾತ್ರ ಅವರ ಮುಖ ಕಾಣಬಾರದು. ನಾಲ್ಕು ದಿನದ ಆ ಸಂಭ್ರಮದ ವೆಚ್ಚದಲ್ಲಿ ಇವರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಳಿಕ ಆ ಮದುವೆ ಕಿರಿದಾಗುತ್ತ ಬಂತು. 1929ರ ಶಾರದಾ ಕಾಯಿದೆಯು 1930ರ ಏಪ್ರಿಲ್ ಒಂದರಿಂದ ಜಾರಿಗೆ ಬಂದು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷವೆಂದು ವಿಧಿಸಿತು. ಮದುಮಗಳು ಬೆಳೆದಂತೆ ಮಕ್ಕಳಾಟದ ಉರುಟಣೆಗಳು ಅರ್ಥ ಕಳೆದುಕೊಂಡವು. 1974ರ ಮಾರ್ಚ್ ಒಂದರಿಂದ ಜಾರಿಗೊಂಡ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಕರೆದಾಗ ಬಂದು ದುಡಿಯಬೇಕೆಂಬ ಹಂಗು ಹರಿಯಿತು. ಅದು ಹರಿಯಬೇಕಾದುದೇ. ಸೇತುವೆಗಳೂ ಬಸ್ಸುಗಳೂ ಬಂದು ದಿಬ್ಬಣ ಬೆಳಗ್ಗೆ ಬಂದು ಸಂಜೆ ಮರಳತೊಡಗಿತು. ಅತ್ತ 1966ರಲ್ಲಿ ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿ, ಆಡಂಬರವಿಲ್ಲದ ಮದುವೆಗೊಂದು ಘನತೆಯನ್ನು ತಂದಿತ್ತರು. ಆದರೆ ನಮ್ಮಲ್ಲಿ ಉಳಿದುದು ಆ ಸರಳತೆಯೂ ಅಲ್ಲ, ಹಳೆಯ ಸಾವಧಾನವೂ ಅಲ್ಲ. ಸಭಾಭವನದಲ್ಲಿ ಅರ್ಧ ದಿನದ ಗಡಿಬಿಡಿ, ಕೈಕುಲುಕಿ ಫೋಟೋ ತೆಗೆಸಿಕೊಳ್ಳಲು ಸರದಿ, ಕೊನೆಗೆ ಬೀಗರ ಹೆಸರೂ ಸರಿಯಾಗಿ ತಿಳಿಯದೆ ಮನೆಗೆ ಮರಳುವುದು.

ಎರಡು ಸಂಸ್ಕೃತಿಗಳ ಕೂಡುವಿಕೆಗೂ ನಮ್ಮ ಪುತ್ತೂರು ಎಂದೋ ಸಾಕ್ಷಿಯಾಗಿದೆ. ಕೋಟ ಬ್ರಾಹ್ಮಣರಾದ ಶಿವರಾಮ ಕಾರಂತರು ಬಂಟರ ಮನೆತನದ ಲೀಲಾ ಆಳ್ವರನ್ನು ವರಿಸಿದುದು 1936ರ ಮೇ 6ರಂದು. ಲೀಲಾ ಅವರ ಆರಂಭದ ಶಿಕ್ಷಣ ಮರಾಠಿಯಲ್ಲಿ ಆಗಿತ್ತು. ಅವರು ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ‘ಪಣ ಲಕ್ಷಾತ ಕೋಣ ಘೇತೋ’ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಆ ಕಾದಂಬರಿ ವಿಧವೆಯೊಬ್ಬಳ ಬಾಳಿನ ಕಥೆಯೆಂಬುದನ್ನು ನೆನಪಿಡಿ. ಮುಂದೆ ಅದರ ಪ್ರಸ್ತಾಪ ಬರಲಿದೆ.

ಅಂದಿನ ಕಾನೂನು ಇಂಥವರಿಗೆ ಸುಲಭವಾಗಿರಲಿಲ್ಲ. 1872ರ ವಿಶೇಷ ವಿವಾಹ ಕಾಯಿದೆಯ ಮೂಲರೂಪದಂತೆ, ಮದುವೆಯಾಗುವವರು ತಾವು ಹಿಂದೂ ಧರ್ಮವನ್ನೇ ಅನುಸರಿಸುವವರಲ್ಲವೆಂದು ಘೋಷಿಸಬೇಕಿತ್ತು. 1923ರ ತಿದ್ದುಪಡಿಯಿಂದ ಆ ಕಟ್ಟು ಸಡಿಲವಾಯಿತು. ಹಿಂದೂಗಳೊಳಗಿನ ಅಂತರ್ಜಾತೀಯ ವಿವಾಹಗಳೆಲ್ಲಕ್ಕೂ ಸಿಂಧುತ್ವ ಬಂದುದು 1949ರ ಕಾಯಿದೆಯಿಂದ. 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮು, ವಧೂವರರಲ್ಲಿ ಯಾರೊಬ್ಬರ ಕಡೆಯ ಸಂಪ್ರದಾಯದಂತೆಯೂ ಮದುವೆ ನಡೆಸಬಹುದೆಂದು ಹೇಳಿತು. ಸಪ್ತಪದಿಯುಳ್ಳ ಮದುವೆಯು ಏಳನೆಯ ಹೆಜ್ಜೆಗೆ ಪೂರ್ಣವಾಗುತ್ತದೆಂದೂ ಅದೇ ಕಲಮು ವಿವರಿಸುತ್ತದೆ.

ಈ ಕಲಮು ನನಗೆ ಉಪಯೋಗಕ್ಕೆ ಬಂದುದು 2024ರ ಫೆಬ್ರವರಿಯಲ್ಲಿ, ನನ್ನ ಅಕ್ಕನ ಮೊಮ್ಮಗಳ ಮದುವೆಯ ಹೊತ್ತಿಗೆ. ವರ ಕೋಲ್ಕತ್ತದವನು. ನಾಲ್ಕು ದಿನ ನಮ್ಮ ತರವಾಡು ಮನೆಯಲ್ಲೇ ಮದುವೆಯಾಗಬೇಕೆಂದು ಮಕ್ಕಳ ಆಸೆ; ಯೋಜನೆಯ ಹೊಣೆ ನಿವೃತ್ತ ಮಾಸ್ತರನ ಹೆಗಲಿಗೆ. ನಾನು ಹಳೆಯ ಕ್ರಮವನ್ನೇ ಹಿಡಿದೆ. ಮೊದಲು ಪಂಚಾಂಗಗಳನ್ನು ಕೂಡಿಸಿ ನೋಡಿದೆವು. ನಾವು ಧನುರ್ಮಾಸವೆಂದು ಬಿಡುವ ದಿನಗಳನ್ನೇ ಅವರು ಪೌಷವೆಂದು ಬಿಡುತ್ತಾರೆ! ಏಪ್ರಿಲ್ 10ರಿಂದ 20ರವರೆಗೆ ಮಹಾಲಿಂಗೇಶ್ವರನ ಜಾತ್ರೆಯಿರುವುದರಿಂದ ಪುತ್ತೂರಿನಲ್ಲಿ ವಾಹನವೂ ಕೋಣೆಯೂ ದುರ್ಲಭ. ಹೀಗೆ ಫೆಬ್ರವರಿ ನಿಶ್ಚಯವಾಯಿತು. ಅಂಗಳದ ಅಡಿಕೆಯನ್ನು ತಾರಸಿಗೆ ಏರಿಸಿದ್ದಾಯಿತು.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊರಟು ಕಬಕ ಪುತ್ತೂರಿನಲ್ಲಿ ಇಳಿದ ಇಪ್ಪತ್ತಾರು ಮಂದಿ ಅತಿಥಿಗಳಿಗೆ ನೆರೆಯ ನಾಲ್ಕು ಮನೆಗಳಲ್ಲಿ ಬಿಡಾರ. ಮೊದಲ ದಿನ ಬೆಲ್ಲ ನೀರು, ಊಟ, ವಿಶ್ರಾಂತಿ; ಬೇರೆ ಯಾವ ಕಾರ್ಯಕ್ರಮವೂ ಇಲ್ಲ. ಎರಡನೆಯ ದಿನ ಅರಸಿನ ಹಚ್ಚುವುದು. ಅದನ್ನು ಅವರು ‘ಗಾಯೇ ಹಲುದ್’ ಎನ್ನುತ್ತಾರೆ. ಮೂರನೆಯ ದಿನ ಬೆಳಗ್ಗೆ ನಮ್ಮ ಧಾರೆ, ರಾತ್ರಿ ಅವರ ಲಗ್ನ. ಎರಡೂ ಕಡೆಯ ಪುರೋಹಿತರು ಸಮಾಲೋಚಿಸಿ, ಸಪ್ತಪದಿ ಬೆಳಗ್ಗೆ ಒಂದೇ ಬಾರಿ ಸಾಕೆಂದರು. ರಾತ್ರಿಗೆ ಮಾಲೆ, ಶುಭದೃಷ್ಟಿ, ಸಿಂದೂರ. ನಾಲ್ಕನೆಯ ದಿನ ಪುನಃ ಬಿಡುವು. ಎರಡು ಕ್ರಮಗಳನ್ನು ಒಂದೇ ಮುಹೂರ್ತದಲ್ಲಿ ತುರುಕದೆ ಒಂದೊಂದಕ್ಕೆ ಅದರದೇ ಹೊತ್ತನ್ನು ಕೊಟ್ಟುದರಿಂದ ಅರ್ಧ ತಕರಾರು ತಾನಾಗಿ ಇಲ್ಲವಾಯಿತು.

ಉಳಿದರ್ಧದಲ್ಲಿ ಮೊದಲನೆಯದು ಮೀನು. ಅರಸಿನದ ದಿನ ವರನ ಕಡೆಯಿಂದ ಬರುವ ತಟ್ಟೆಗಳಲ್ಲಿ ಅಲಂಕರಿಸಿದ ರೋಹು ಮೀನು ಇರುವುದು ಬಂಗಾಳದ ವಾಡಿಕೆ. ಅದು ಹೊಸ್ತಿಲು ದಾಟಿದರೆ ತಾನು ಚಪ್ಪರದಲ್ಲಿ ಕೂರುವುದಿಲ್ಲವೆಂದು ದೊಡ್ಡಣ್ಣ ಹೇಳಿಬಿಟ್ಟರು. ಅವರಿಗೆ ಎಂಬತ್ತಾರು ವರ್ಷ. ವಿಷಯ ತಿಳಿದ ಬೀಗರು ಸಂದೇಶ್ ಎಂಬ ತಮ್ಮ ಸಿಹಿಯನ್ನೇ ಮೀನಿನ ಅಚ್ಚಿನಲ್ಲಿ ಮಾಡಿ ತಂದರು. ದೊಡ್ಡಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಲದ ಕಡೆಯಿಂದ ತಿನ್ನಲಾರಂಭಿಸಿದರು.

ಎರಡನೆಯದು ಇಷ್ಟು ಹಗುರವಾದುದಲ್ಲ. ಬಂದವರಿಗೆ ನಮ್ಮ ಕ್ರಮಗಳು ತಿಳಿಯಲೆಂದು ಮೊಮ್ಮಗಳು ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದಳು. ಪ್ರತಿಯೊಂದು ವಿಧಿಗೂ ಎರಡೆರಡು ಸಾಲಿನ ಕಾರಣ. ಅಂತಃಪಟಕ್ಕೆ, ಜೀರಿಗೆ ಬೆಲ್ಲಕ್ಕೆ, ಲಾಜಾಹೋಮಕ್ಕೆ ನಾನು ಬರೆದುಕೊಟ್ಟೆ. ಕೊನೆಗೆ ಅವಳು ಕೇಳಿದಳು: “ಅಜ್ಜಿ ಯಾಕೆ ಧಾರೆಯ ಹೊತ್ತಿಗೆ ಒಳಗೆ ಕೂರುವುದು? ಅದಕ್ಕೆ ಏನೆಂದು ಬರೆಯಲಿ?”

ನನ್ನ ಅಕ್ಕ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ಸ್ವಂತ ಮಗಳ ಧಾರೆಯನ್ನು ಅವರು ನೋಡಿದುದು ಉಗ್ರಾಣದ ಬಾಗಿಲ ಸಂದಿಯಿಂದ. ಆ ಎರಡು ಸಾಲನ್ನು ಬರೆಯಲು ನನ್ನಲ್ಲಿ ಶಬ್ದಗಳಿರಲಿಲ್ಲ. ಅತ್ತ ವರನಿಗೂ ಅಂಥದೇ ಇಕ್ಕಟ್ಟು. ಮಗನ ಮದುವೆಯನ್ನು ತಾಯಿ ನೋಡಬಾರದೆಂಬುದು ಬಂಗಾಳದಲ್ಲಿ ಹಿಂದಿನಿಂದ ಬಂದ ನಂಬಿಕೆ. ತಾಯಿ ಅಷ್ಟು ದೂರದಿಂದ ಬಂದೂ ಒಳಗೇ ಇರುವುದೇಕೆಂದು ಅವನಿಂದಲೂ ಬರೆಯಲಾಗಲಿಲ್ಲ. ಕಿರುಹೊತ್ತಗೆಯಲ್ಲಿ ಎರಡು ಕಡೆ ಖಾಲಿ ಜಾಗ ಉಳಿಯಿತು.

ಹೊರಗೆ ಬಂದು ಕೂರಬೇಕೆಂದು ಎಲ್ಲರೂ ಹೇಳಿದರೂ ಅಕ್ಕ ಒಪ್ಪಲಿಲ್ಲ. “ಇಷ್ಟು ವರ್ಷ ಇಲ್ಲದ್ದು ಇನ್ನೆಂತಕ್ಕೆ?” ಎಂದರು. ಧಾರೆಯ ಮುನ್ನಾದಿನದ ಸಂಜೆ ಮೆಟ್ಟುಕತ್ತಿಯ ಮುಂದೆ ಕುಳಿತಿದ್ದ ಅಕ್ಕನ ಬಳಿ ವರನ ತಾಯಿ ಬಂದು ಬೀನ್ಸು ಬಿಡಿಸತೊಡಗಿದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ನಡುವೆ ಮೊಮ್ಮಗಳು. ಎರಡೂ ಕಡೆಯ ಕಥೆ ಇಬ್ಬರಿಗೂ ತಿಳಿದ ಮೇಲೆ ಆ ತಾಯಿ ಹೇಳಿದ ಮಾತು ಇಷ್ಟೆ: “ಅವರು ಬರುವುದಾದರೆ ನಾನೂ ಬರುತ್ತೇನೆ.” ಅಕ್ಕ ಉತ್ತರಿಸಲಿಲ್ಲ. ಬೀನ್ಸು ಪೂರ್ತಿ ಮುಗಿದ ಮೇಲೆ, “ಹಾಗಾದರೆ ನನ್ನ ಹಸಿರು ಸೀರೆ ತೆಗೆದಿಡು” ಎಂದು ಮೊಮ್ಮಗಳಿಗೆ ಹೇಳಿದರು.

ಮರುದಿನ ಧಾರೆಯ ನೀರು ಬೀಳುವಾಗ ಅವರಿಬ್ಬರೂ ಮುಂದಿನ ಸಾಲಿನಲ್ಲಿದ್ದರು. ದೊಡ್ಡಣ್ಣ ಒಮ್ಮೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಹುಡುಗನೊಬ್ಬನನ್ನು ಕರೆದು, ಫ್ಯಾನನ್ನು ಆ ಕಡೆಗೆ ತಿರುಗಿಸಲು ಹೇಳಿದರು. ಅಂದು ರಾತ್ರಿ ವಧುವನ್ನು ಮಣೆಯ ಮೇಲೆ ಕೂರಿಸಿ ಅಣ್ಣಂದಿರು ವರನ ಸುತ್ತ ಏಳು ಸುತ್ತು ಹೊತ್ತರು. ಅದಕ್ಕಾಗಿ ಅವರು ಹಿಂದಿನ ದಿನ ಅಡಿಕೆ ಮೂಟೆಯನ್ನು ಹೊತ್ತು ಅಭ್ಯಾಸ ಮಾಡಿದ್ದರು! ಮುಖ ಮರೆಸಿದ್ದ ವೀಳ್ಯದೆಲೆ ನಮ್ಮ ತೋಟದ ಬಳ್ಳಿಯದೇ. ಅದನ್ನು ಸರಿಸಿ ಅವಳು ವರನನ್ನು ನೋಡಿದಾಗ, ಬೆಳಗಿನ ಅಂತಃಪಟವನ್ನು ನೆನೆದು ನಮ್ಮವರೆಲ್ಲ ತಲೆದೂಗಿದರು.

ಒಂದೇ ಸಮುದಾಯದೊಳಗಿನ ಮದುವೆಯಲ್ಲಿ ಯಾರೂ ಯಾವುದಕ್ಕೂ ಕಾರಣ ಕೇಳುವುದಿಲ್ಲ. ಬೇರೆ ನಾಡಿನ ಬೀಗರು ಬಂದಾಗ ನಮ್ಮ ಪದ್ಧತಿಯನ್ನು ನಾವೇ ವಿವರಿಸಬೇಕಾಗುತ್ತದೆ. ವಿವರಿಸಬಲ್ಲದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ವಿವರಿಸಲಾಗದ್ದನ್ನು ಬಿಡುವ ಧೈರ್ಯ ಬರುತ್ತದೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. ಅರ್ಧ ದಿನದ ಸಭಾಭವನದಲ್ಲಿ ಆ ಇಬ್ಬರು ಹೆಂಗಸರು ಬೀನ್ಸು ಬಿಡಿಸುತ್ತ ಕೂರಲು ಸಂದರ್ಭವೇ ಒದಗುತ್ತಿರಲಿಲ್ಲ.

ಆದ್ದರಿಂದ ಇಂಥ ಮದುವೆಯನ್ನು ಯೋಜಿಸುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಮಾಸ್ತರನ ಕಿವಿಮಾತು ಮೂರು. ಕಾರ್ಯಕ್ರಮದ ಪಟ್ಟಿಯಲ್ಲಿ ಖಾಲಿ ಹೊತ್ತುಗಳನ್ನು ಧಾರಾಳವಾಗಿ ಇಡಿ. ಅಡುಗೆಗೆ ಜನ ಗೊತ್ತುಮಾಡಿದರೂ ಒಂದು ಸಂಜೆಯ ತರಕಾರಿಯನ್ನಾದರೂ ಎರಡೂ ಕಡೆಯವರು ಕೂಡಿ ಹೆಚ್ಚಿರಿ. ಪ್ರತಿಯೊಂದು ವಿಧಿಗೂ ಎರಡು ಸಾಲಿನ ಕಾರಣ ಬರೆಯಲು ಕೂರಿರಿ. ಎಲ್ಲಿ ಬರೆಯಲಾಗುವುದಿಲ್ಲವೋ ಅಲ್ಲಿ ಮನೆಯ ಹಿರಿಯರೊಡನೆ ಕುಳಿತು ಮಾತಾಡಿರಿ. ಸುದರಿಕೆಗೆ ಜನ ಸಾಲದಿದ್ದರೆ ನನಗೂ ಒಂದು ಹೇಳಿಕೆ ಬರಲಿ. ಮಂಡಿ ನೋವಿದೆ, ಬಡಿಸಲಾರೆ. ಎಲೆ ಒರೆಸಿ ಕೊಡಬಲ್ಲೆ.