ಶಾಸನ ಪರಿಷತ್ತಿನಿಂದ ಕುಲಪತಿ ಪೀಠಕ್ಕೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯು 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ, ಇಲ್ಲಿಯ ವಿದ್ಯಾರ್ಥಿಗಳ ಉನ್ನತ ಶಿಕ್ಷಣದ ದಾರಿ ಮುಂಬಯಿಯ ಕಡೆಗೂ, 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಧಾರವಾಡದ ಕಡೆಗೂ ತಿರುಗಿತು. ಮದ್ರಾಸ್ ಮತ್ತು ಮೈಸೂರುಗಳಲ್ಲಿ ರಾಜಕಾರಣಕ್ಕೂ ವಿಶ್ವವಿದ್ಯಾಲಯಕ್ಕೂ ಬೆಳೆದ ನಂಟು ಈ ಸೀಮೆಯಲ್ಲಿ ಹೆಚ್ಚು ಚರ್ಚೆಗೆ ಬಾರದಿರಲು ಇದೂ ಒಂದು ಕಾರಣವಿರಬೇಕು. ಆ ನಂಟಿನ ಸ್ವರೂಪವನ್ನು ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರ (1880–1951) ಜೀವನದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಚಿತ್ತೂರು ಸೀಮೆಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ರೆಡ್ಡಿಯವರು ಬರೋಡಾದಿಂದ ಮೈಸೂರಿಗೆ ಬಂದು ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ದೇಶೀಯ ಸಂಸ್ಥಾನವೊಂದರ ಮೊದಲ ವಿಶ್ವವಿದ್ಯಾಲಯವು 1916ರಲ್ಲಿ ಅಲ್ಲಿ ರೂಪುಗೊಂಡಾಗ ಅದರ ಸಿದ್ಧತೆಯಲ್ಲಿ ಪಾಲುಗೊಂಡ ಅವರು, ಮುಂದೆ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರೂ ಆದರು. ಆ ಹುದ್ದೆಯನ್ನು ತೊರೆದು ಅವರು ಮದ್ರಾಸಿನ ರಾಜಕಾರಣಕ್ಕಿಳಿದ ಕಾಲದಲ್ಲಿ ಅಲ್ಲಿ ದ್ವಿಪ್ರಭುತ್ವ ಪದ್ಧತಿ ಜಾರಿಯಲ್ಲಿತ್ತು. ಎಂದರೆ, 1919ರ ಕಾಯ್ದೆಯ ಮೇರೆಗೆ ಶಿಕ್ಷಣದಂತಹ ಖಾತೆಗಳು ಭಾರತೀಯ ಸಚಿವರ ಕೈಗೆ ಬಂದಿದ್ದರೂ ಹಣಕಾಸು ಮತ್ತು ಪೊಲೀಸು ಗವರ್ನರರ ಹಿಡಿತದಲ್ಲೇ ಉಳಿದಿದ್ದವು. ಹೀಗಾಗಿ ವಿಶ್ವವಿದ್ಯಾಲಯವೆಂಬುದು ಚುನಾಯಿತ ಸದಸ್ಯರು ನೇರವಾಗಿ ಕೈಯಾಡಿಸಬಹುದಾದ ಕೆಲವೇ ವಿಷಯಗಳಲ್ಲಿ ಒಂದಾಗಿತ್ತು.

ಜಸ್ಟಿಸ್ ಪಕ್ಷದ ಮೂಲಕ ಶಾಸನ ಪರಿಷತ್ತನ್ನು ಪ್ರವೇಶಿಸಿದ ರೆಡ್ಡಿಯವರು ಬಹುಬೇಗ ಅದರ ನಾಯಕತ್ವದೊಂದಿಗೆ ಮುನಿದು, 1923ರ ನವೆಂಬರಿನಲ್ಲಿ ಪಾನಗಲ್ ರಾಜರ ಮಂತ್ರಿಮಂಡಲದ ವಿರುದ್ಧ ಅವಿಶ್ವಾಸ ನಿರ್ಣಯವನ್ನೇ ಮಂಡಿಸಿದರು. ಅದು 44ರ ವಿರುದ್ಧ 65 ಮತಗಳಿಂದ ಬಿದ್ದುಹೋಯಿತು. ಸೋಜಿಗದ ಸಂಗತಿಯೆಂದರೆ, ತೆಲುಗು ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾಲಯವನ್ನು ಒದಗಿಸಿದ ಮಸೂದೆಯನ್ನು ತಂದದ್ದು ಅದೇ ಪಕ್ಷದ ಶಿಕ್ಷಣ ಸಚಿವ ಎ. ಪಿ. ಪಾತ್ರೋ, ಮತ್ತು 1926ರಲ್ಲಿ ಆ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಅವಿಶ್ವಾಸ ಮಂಡಿಸಿದ್ದ ರೆಡ್ಡಿಯವರೇ. ಕುಲಪತಿಯೆಂದರೆ ವಿಶ್ವವಿದ್ಯಾಲಯದ ದೈನಂದಿನ ಆಡಳಿತವನ್ನು ನಡೆಸುವ ಮುಖ್ಯಸ್ಥ. ಆ ಕಾಲದ ಬರಹಗಳಲ್ಲಿ ಇವರನ್ನೇ ಉಪಕುಲಪತಿ ಎಂದು ಕರೆಯಲಾಗಿದೆ.

ಮೊದಲು ಬೆಜವಾಡದಲ್ಲಿದ್ದ ಸಂಸ್ಥೆ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ನೆಲೆಯೂರುತ್ತಿದ್ದಾಗಲೇ, ಕಾನೂನುಭಂಗ ಚಳವಳಿಯ ಮೇಲೆ ಸರ್ಕಾರ ನಡೆಸಿದ ದಮನವನ್ನು ಪ್ರತಿಭಟಿಸಿ 1930ರಲ್ಲಿ ರೆಡ್ಡಿಯವರು ರಾಜೀನಾಮೆಯಿತ್ತರು. ಪಕ್ಷದೊಳಗೆ ಹೊಂದಿಕೊಳ್ಳಲು ಬಿಡದ ಅವರ ಸ್ವಭಾವ ಇಲ್ಲಿ ಸಂಸ್ಥೆಗೆ ಒಂದು ಘನತೆಯನ್ನು ತಂದಿತೆನ್ನಬೇಕು, ಆದರೆ ಅವರನ್ನು ಬ್ರಿಟಿಷ್ ವಿರೋಧದ ವೀರರೆಂದು ಬಿಂಬಿಸುವುದು ಸರಿಯಾಗದು, ಏಕೆಂದರೆ ಮುಂದೆ ಅದೇ ಸರ್ಕಾರ ಕೊಟ್ಟ 'ಸರ್' ಪದವಿಯನ್ನು ಅವರು ಸ್ವೀಕರಿಸಿದರು. ಅವರ ಬಳಿಕ, ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಕುಲಪತಿಯಾದರು. ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದಾಗ ಮರಳಿದ ರೆಡ್ಡಿಯವರು 1949ರವರೆಗೂ ಆ ಪೀಠದಲ್ಲಿದ್ದರು.

ಅದೇ 1949ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ಸಮಕುಲಾಧಿಪತಿಯಾಗಿ, ಅಂದರೆ ಕುಲಾಧಿಪತಿಗೆ ನಂತರದ ಸ್ಥಾನದಲ್ಲಿ, ಕನ್ನಡನಾಡಿಗೆ ಹಿಂತಿರುಗಿದರು; ಘಟ್ಟದ ಮೇಲಿನ ತಾಲೂಕುಗಳಿಗೆ ಮುಂಬಯಿಯ ಬದಲು ಧಾರವಾಡವನ್ನು ಕೇಂದ್ರವಾಗಿಸಿದ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದುದೂ ಅದೇ ವರ್ಷ. ಈ ಸೀಮೆಯ ಅತ್ಯಂತ ಪ್ರಸಿದ್ಧ ರಾಜಕಾರಣಿ, ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಕುಲಪತಿ ಪೀಠದತ್ತ ಹೊರಳಲಿಲ್ಲ. ಉನ್ನತ ಶಿಕ್ಷಣದ ಮೇಲೆ ಅವರ ಸರ್ಕಾರ ಮೂಡಿಸಿದ ಗುರುತು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯಂತಹ ಶಾಸನಗಳ ರೂಪದ್ದು. ಇನ್ನು ರೆಡ್ಡಿಯವರು ಶಿಕ್ಷಣತಜ್ಞರಾಗಿ ಅಲಂಕರಿಸಿದ್ದ ಸಮಕುಲಾಧಿಪತಿ ಸ್ಥಾನವು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಇಂದು ಉನ್ನತ ಶಿಕ್ಷಣ ಸಚಿವರಿಗೆ, ಅವರು ಯಾರೇ ಆಗಿರಲಿ, ಖಾತೆಯೊಂದಿಗೇ ಬರುತ್ತದೆ.